ಮಾವನ ಕಡೆಯಿಂದ ಬಂದ ನಿದ್ರೆ

ಕುಂಬ್ಡಾಜೆಯ ಲೋಕಯ್ಯನ ಮರೆವು ಗುಣವಾಗಿ ಆಗ ಸರಿಯಾಗಿ ಒಂದು ವರ್ಷವಾಗಿತ್ತು. ಈ ಸಂಗತಿ ಊರಿಗೆಲ್ಲ ತಿಳಿದಿತ್ತು, ಏಕೆಂದರೆ ಲೋಕಯ್ಯನೇ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ಗುಣವಾಗುವ ಮೊದಲು ಆ ಮರೆವು ಸಣ್ಣ ಮಟ್ಟದ್ದಾಗಿರಲಿಲ್ಲ. ಲೋಕಯ್ಯ ರಬ್ಬರ್ ಟ್ಯಾಪಿಂಗ್ ಮಾಡುವವನು. ಹರಿನಾರಾಯಣ ಭಟ್ಟರ ಗುಡ್ಡದಲ್ಲಿ ಇನ್ನೂರ ಎಪ್ಪತ್ತು ಮರ ಅವನ ಪಾಲಿಗೆ. ಬೆಳಗಿನ ನಾಲ್ಕೂವರೆಗೆ ಎದ್ದು, ಹಣೆಗೆ ಲೈಟು ಕಟ್ಟಿ ಹೊರಟರೆ ಬಿಸಿಲೇರುವ ಮೊದಲು ಅಷ್ಟೂ ಮರದ ತೊಗಟೆ ಕೆತ್ತಿ ಮುಗಿಸಬೇಕು. ಹೊರಡಬೇಕಾದರೆ ಮೊದಲು ಕತ್ತಿ ಸಿಗಬೇಕು. ಕತ್ತಿ ಒಂದು ದಿನ ಸೌದೆಯ ರಾಶಿಯಲ್ಲಿ, ಒಂದು ದಿನ ಅಕ್ಕಿ ಡಬ್ಬದ ಮೇಲೆ, ಮತ್ತೊಂದು ದಿನ ಬಚ್ಚಲಿನ ಹಂಡೆಯ ಹಿಂದೆ. ಒಮ್ಮೆ ಕಾವಿಗೆ ಕೂತ ಹೇಂಟೆಯ ಬುಟ್ಟಿಯೊಳಗಿತ್ತು. ಹೇಂಟೆ ಅದನ್ನು ಎರಡು ದಿನ ಸ್ವಂತ ಮೊಟ್ಟೆಯೆಂದೇ ನಂಬಿ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಲೋಕಯ್ಯ ಹುಡುಕುವ ಸದ್ದಿಗೆ ಹೆಂಡತಿ ಅಮ್ಮಣಿ ಏಳುವಳು. ಅಮ್ಮಣಿ ಎದ್ದರೆ ಜಗಳವೂ ಜೊತೆಗೇ ಏಳುವುದು. ಹೀಗೆ ಆ ಮನೆಯಲ್ಲಿ ಬೆಳಗಾಗುವ ಮೊದಲೇ ಒಂದು ಸುತ್ತು ಮುಗಿದಿರುತ್ತಿತ್ತು.

ಆದರೆ ಒಂದು ವರ್ಷದಿಂದ ಎಲ್ಲ ಬದಲಾಗಿತ್ತು. ಲೋಕಯ್ಯ ಎದ್ದು ಜಗಲಿಗೆ ಬಂದರೆ ಕತ್ತಿ, ಹಣೆಯ ಲೈಟು, ಬಕೆಟು ಮೂರೂ ಬಾಗಿಲ ಬದಿಯಲ್ಲಿ ಸಾಲಾಗಿ ಇರುತ್ತಿದ್ದವು. ತಾನು ಅಲ್ಲಿ ಇಟ್ಟ ನೆನಪು ಅವನಿಗೆ ಇರಲಿಲ್ಲ. ಇಡಲಿಲ್ಲವೆಂಬ ನೆನಪೂ ಇರಲಿಲ್ಲ. ಹಾಗಾಗಿ ತಾನೇ ಇಟ್ಟಿದ್ದೇನೆ ಎಂದು ತೀರ್ಮಾನಿಸಿದ.

"ಎಲ್ಲ ಮನಸ್ಸಿನ ಹಿಡಿತ ಕುಂಞಣ್ಣಾ," ಎಂದು ಅವನು ಚಾಯದ ಅಂಗಡಿಯ ಕುಂಞನಿಗೆ ವಿವರಿಸುವುದಿತ್ತು. "ಕೈ ಇಡುವಾಗ ತಲೆ ನೋಡ್ಬೇಕು. ನನ್ನ ತಲೆ ಈಗ ನನಗೆ ಹೇಳದೆಯೇ ನೋಡ್ತದೆ."

"ಆಯ್ತು ಮಾರಾಯ," ಎಂದ ಕುಂಞ ಒಮ್ಮೆ. "ಮೊನ್ನೆಯಿಂದ ನಿನ್ನ ಕೊಡೆ ಇಲ್ಲಿ ಬೆಂಚಿನ ಅಡಿಯಲ್ಲಿ ಉಂಟು. ಅದನ್ನೂ ಸ್ವಲ್ಪ ನೋಡ್ಲಿಕ್ಕೆ ಹೇಳು."

ಕೊಡೆಯಂಥ ಕ್ಷುಲ್ಲಕ ವಸ್ತುಗಳು ಈ ಸುಧಾರಣೆಯೊಳಗೆ ಇನ್ನೂ ಬಂದಿಲ್ಲವೆಂದು ಲೋಕಯ್ಯ ಗಂಭೀರವಾಗಿ ಹೇಳಿ ಕೊಡೆ ತೆಗೆದುಕೊಂಡು ಹೋದ.

ರಬ್ಬರಿನ ರೇಟು ಇಳಿಯಲು ಸುರುವಾದ ಆ ವರ್ಷ, ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ ಶಾಲೆಯ ಚಿತ್ರಾ ಟೀಚರು ಫೋನು ಮಾಡಿ ಲೋಕಯ್ಯನನ್ನೂ ಅಮ್ಮಣಿಯನ್ನೂ ಕರೆಸಿದರು. ಅವರ ಒಬ್ಬಳೇ ಮಗಳು ನಮಿತಾ ಐದನೇ ಕ್ಲಾಸು.

"ಹುಡುಗಿ ಜೋರು ಉಂಟು. ಬಾಯಿಲೆಕ್ಕದಲ್ಲಿ ಅವಳೇ ಫಸ್ಟು," ಎಂದರು ಟೀಚರು. "ಆದರೆ ಮೂರನೇ ಪೀರಿಯಡಿಗೆ ನಿದ್ರೆ. ದಿನಾ. ನಾನು ಬೋರ್ಡಿಗೆ ತಿರುಗಿ ಈಚೆ ತಿರುಗುವಾಗ ತಲೆ ಡೆಸ್ಕಿನ ಮೇಲೆ. ಮೊನ್ನೆ ಬೆಂಚಿನಿಂದ ಬಿದ್ದು ಹಣೆಗೆ ಪೆಟ್ಟಾಯ್ತು. ಆಗಲೂ ಸರಿಯಾಗಿ ಎಚ್ಚರ ಆಗಲಿಲ್ಲ."

ಲೋಕಯ್ಯ ಪಕ್ಕದಲ್ಲಿ ನಿಂತಿದ್ದ ಮಗಳ ಹಣೆ ನೋಡಿದ. ಪೆಟ್ಟಿಗೆ ಊದಿದ ಸಣ್ಣ ಬೋರೆ ಇತ್ತು. ಮನೆಯಲ್ಲಿ ಅವಳು ಹೇಳಿರಲಿಲ್ಲ.

ಹೊರಗೆ ಬಂದ ಮೇಲೆ ಅಮ್ಮಣಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. "ನನಗೂ ಸುರುವಿಗೆ ಹೀಗೇ ಅಲ್ವಾ ಆದದ್ದು? ಕೂತಲ್ಲಿ ನಿದ್ರೆ, ನಿಂತಲ್ಲಿ ನಿದ್ರೆ. ನನ್ನದೇ ಮಗುವಿಗೂ ಬಂತು ಕಾಣ್ತದೆ."

ಅಮ್ಮಣಿಗೆ ಎರಡು ವರ್ಷದಿಂದ ಥೈರಾಯ್ಡ್. ದಿನಾ ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ ನೀರಿನಲ್ಲಿ ನುಂಗಿ, ಮತ್ತೆ ಒಂದು ಗಂಟೆ ಚಾಯ ಕಾಫಿ ಮುಟ್ಟಬಾರದು. ಈ ವಿಷಯ ಮನೆಯ ಮೂವರನ್ನು ಬಿಟ್ಟರೆ ಬೋವಿಕಾನದ ಶಂಕರಿ ಡಾಕ್ಟರಿಗೆ ಮಾತ್ರ ಗೊತ್ತು. ತವರಿಗೆ ತಿಳಿಯಬಾರದೆಂದು ಅಮ್ಮಣಿ ಲೋಕಯ್ಯನಿಂದ ದೈವದ ಮೇಲೆ ಆಣೆ ಮಾಡಿಸಿದ್ದಳು.

ಆ ಶನಿವಾರವೇ ಮೂವರೂ ಬೋವಿಕಾನಕ್ಕೆ ಹೋದರು. ಶಂಕರಿ ಡಾಕ್ಟರು ನಮಿತಾಳ ಕಣ್ಣು, ನಾಲಿಗೆ, ಕುತ್ತಿಗೆ ನೋಡಿದರು.

"ನೋಡುವಾಗ ಎಂತ ಕಾಣುವುದಿಲ್ಲ. ಆದರೂ ಅಮ್ಮನಿಗೆ ಉಂಟಲ್ಲ, ಮಗುವಿನ ರಕ್ತ ಒಮ್ಮೆ ಟೆಸ್ಟ್ ಮಾಡಿಸುವ. ಇದು ಕುಟುಂಬದಲ್ಲಿ ಇಳಿದು ಬರುವುದುಂಟು. ಬಂದೇ ಬರ್ತದೆ ಅಂತ ಅಲ್ಲ. ಅಮ್ಮಣಿ, ನಿಮ್ಮ ತವರಿನಲ್ಲಿ ಬೇರೆ ಯಾರಿಗಾದರೂ ಉಂಟಾ?"

"ಯಾರಿಗೂ ಇಲ್ಲ ಡಾಕ್ಟ್ರೇ. ನಮ್ಮವರೆಲ್ಲ ಗಟ್ಟಿ."

"ಒಮ್ಮೆ ಕೇಳಿ ನೋಡಿ. ಸೋಮವಾರ ಬೆಳಿಗ್ಗೆ ಮಗುವನ್ನು ಲ್ಯಾಬಿಗೆ ಕರ್ಕೊಂಡು ಬನ್ನಿ. ಸೂಜಿಯದ್ದು ಒಂದು ಇರುವೆ ಕಚ್ಚಿದ ಹಾಗೆ, ಅಷ್ಟೇ."

ಸೂಜಿ ಎಂಬ ಮಾತು ಕೇಳಿದಾಗ ನಮಿತಾ ಆಕಳಿಸಿದಳು. ಲೋಕಯ್ಯ ಗೋಡೆ ಹಿಡಿದುಕೊಂಡ. ಇರುವೆಯ ಹೋಲಿಕೆ ಅವನಿಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ. ಸೂಜಿಯ ವಿಷಯದಲ್ಲಿ ಅವನು ಹುಟ್ಟಿದಾಗಿನಿಂದ ಒಂದೇ ನಿಲುವಿನವನು.

ಬಸ್ಸಿನಲ್ಲಿ ಬರುತ್ತ ಅವನು ಕಂಡಕ್ಟರನ ಕುತ್ತಿಗೆಯನ್ನು ನೋಡುತ್ತ ಯೋಚಿಸಿದ. ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋದ ಮೇಲೆ ಅವನಿಗೆ ದಾರಿ ಹೊಳೆಯಿತು.

"ಅಮ್ಮಣೀ, ನಮಿತಾಳದ್ದು ಯಾವ ಬರಿ?"

"ನನ್ನ ಬರಿ. ಮತ್ತೆ ನಿಮ್ಮದಾ? ಮೊದಲು ಇಳಿಯಿರಿ."

ಬರಿ ಎಂದರೆ ವಂಶ. ತುಳುವರಲ್ಲಿ ಅದು ತಂದೆಯಿಂದ ಬರುವುದಿಲ್ಲ, ತಾಯಿಯಿಂದ ಬರುತ್ತದೆ. ಮಗು ಸೇರಿದ್ದು ತಾಯಿಯ ತರವಾಡಿಗೆ, ಅವಳ ಕುಟುಂಬದ ಮೂಲಮನೆಗೆ. ಆ ತರವಾಡಿನಲ್ಲಿ ಎದ್ದು ನಿಲ್ಲುವವನು ತಾಯಿಯ ಅಣ್ಣ, ಅಂದರೆ ಮಗುವಿನ ಮಾವ. ಮದುವೆಗೆ ಮಾವ ಬೇಕು, ದೈವದ ಪ್ರಸಾದಕ್ಕೆ ಮಾವ ಬೇಕು. ಹಿಂದೆ ಆಸ್ತಿಯೂ ಮಾವನಿಂದಲೇ ಅಳಿಯನಿಗೆ ಇಳಿಯುತ್ತಿತ್ತು.

"ಹಾಗಾದರೆ," ಎಂದ ಲೋಕಯ್ಯ, ನಡೆಯುತ್ತಾ, "ಇಳಿದು ಬರುವ ಕಾಯಿಲೆಯೂ ಮಾವನಿಂದಲೇ ಇಳಿಯಬೇಕಲ್ವಾ? ಮಗುವಿಗೆ ಯಾಕೆ ಸೂಜಿ ಹಾಕುವುದು? ಪೈವಳಿಕೆಯ ಜಯಂತ ಭಾವನ ರಕ್ತ ಟೆಸ್ಟ್ ಮಾಡಿಸಿದರೆ ಮುಗಿಯಿತು. ಭಾವನಿಗೆ ಇಲ್ಲ ಅಂತಾದರೆ ಮಗುವಿಗೆ ಎಲ್ಲಿಂದ ಬರ್ತದೆ?"

"ಅಣ್ಣನ ಕೈಗೆ ಚುಚ್ಚಿದರೆ ಮಗಳ ರಿಪೋರ್ಟ್ ಬರ್ತದಾ?"

"ಡಾಕ್ಟ್ರೇ ಹೇಳಿದ್ರಲ್ಲ, ಕುಟುಂಬದಲ್ಲಿ ಇಳಿದು ಬರ್ತದೆ ಅಂತ. ಇಳಿಯುವ ಮೆಟ್ಟಿಲು ಯಾವುದು? ನಿನ್ನ ಅಣ್ಣ."

ಅಮ್ಮಣಿಗೆ ಇದು ಸರಿಯಿಲ್ಲವೆಂದು ಅನಿಸಿತು. ಎಲ್ಲಿ ಸರಿಯಿಲ್ಲವೆಂದು ಹೇಳಲು ಬರಲಿಲ್ಲ. ಅವಳು ಯೋಚಿಸುತ್ತಿರುವಾಗಲೇ ಲೋಕಯ್ಯ ಮನೆಗೆ ತಲುಪಿ ಫೋನು ಹಚ್ಚಿದ್ದ.

"ಭಾವಾ, ಲೋಕಯ್ಯ. ಸ್ವಲ್ಪ ರಕ್ತ ಬೇಕಿತ್ತು. ನಿಮ್ಮದೇ ಆಗಬೇಕು. ನಮಿತಾಳ ವಿಷಯ, ಫೋನಿನಲ್ಲಿ ಹೇಳ್ಲಿಕ್ಕೆ..." ಇಷ್ಟಾಗುವಾಗ ಫೋನಿನ ಚಾರ್ಜು ಮುಗಿಯಿತು. ಚಾರ್ಜಿಗೆ ಇಡುವುದು ಅವನ ಸುಧಾರಣೆಯೊಳಗೆ ಇನ್ನೂ ಬಾರದ ಇನ್ನೊಂದು ಕೆಲಸವಾಗಿತ್ತು.

ಒಂದೂಕಾಲು ಗಂಟೆಯಲ್ಲಿ ಲೋಕಯ್ಯನ ಅಂಗಳದಲ್ಲಿ ಜೀಪು ನಿಂತಿತು. ಜಯಂತ ಹಾರಿ ಇಳಿದ. ಹದಿನೈದು ವರ್ಷ ಗಲ್ಫಿನಲ್ಲಿದ್ದು ಬಂದು ಪೈವಳಿಕೆಯಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದ ದೊಡ್ಡ ಆಳು. ಹಿಂದಿನಿಂದ ಅವನ ಅಂಗಡಿಯಲ್ಲಿ ಲೋಡು ಇಳಿಸುವ ನಾಲ್ವರು ಅಂಗಿಯ ತೋಳು ಮಡಚಿಕೊಂಡೇ ಇಳಿದರು.

"ಮಗು ಎಲ್ಲಿ? ಯಾವ ಆಸ್ಪತ್ರೆ? ಎಷ್ಟು ಬಾಟಲಿ ಬೇಕು? ಇವರು ಮೂರು ಜನ ಓ ಪಾಸಿಟಿವ್, ಇವ ಬಿ!"

ಮಗು ಜಗಲಿಯ ಚಾಪೆಯಲ್ಲಿ ಲೆಕ್ಕದ ಪುಸ್ತಕದ ಮೇಲೆ ಕೆನ್ನೆ ಇಟ್ಟು ನಿದ್ರೆ ಮಾಡುತ್ತಿತ್ತು.

"ಬಾಟಲಿ ಬೇಡ ಭಾವಾ," ಎಂದ ಲೋಕಯ್ಯ ಮೆಲ್ಲಗೆ. "ಒಂದು ಚಮಚದಷ್ಟು ಸಾಕು."

ಅವನು ತನ್ನ ಸಿದ್ಧಾಂತವನ್ನು, ಅಮ್ಮಣಿಯ ಕಾಯಿಲೆಯೊಂದನ್ನು ಬಿಟ್ಟು, ಬರಿಯಿಂದ ಸುರು ಮಾಡಿ ಸೂಜಿಯವರೆಗೆ ವಿವರಿಸಿದ. ಲೋಡಿನವರು ಬಾಯಿ ತೆರೆದು ಕೇಳಿದರು. ಒಬ್ಬನಂತೂ ಪಾಯಿಂಟು ಉಂಟು ಎಂದು ತಲೆಯಾಡಿಸಿದ. ಜಯಂತನ ಮುಖ ಮೊದಲು ಕೆಂಪಾಯಿತು. ಥೈರಾಯ್ಡ್ ಎಂಬ ಮಾತು ಬಂದಾಗ ಯಾಕೋ ಬಿಳಿಚಿತು.

"ಥೈರಾಯ್ಡಾ? ನನಗಾ? ನಾನು ಸಿಮೆಂಟಿನ ಚೀಲ ಒಂದೇ ಕೈಯಲ್ಲಿ ಎತ್ತುವವ! ನಮ್ಮ ತರವಾಡಿನಲ್ಲಿ ಅಂಥದ್ದು ಯಾರಿಗೂ ಇಲ್ಲ. ಬುಧವಾರ ತಂಬಿಲಕ್ಕೆ ಬರ್ತೀಯಲ್ಲ, ಎಲ್ಲರೂ ಇರ್ತಾರೆ. ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳು!"

ರಕ್ತ ಕೊಡಲು ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಅಮ್ಮಣಿ ಚಾಯ, ಬಾಳೆಹಣ್ಣು ಕೊಟ್ಟಳು. ಕೊಡದ ರಕ್ತಕ್ಕಾಗಿ ಅವರು ಎರಡೆರಡು ಹಣ್ಣು ತಿಂದರು.

ಲ್ಯಾಬಿಗೆ ಹೋಗದೆಯೇ ಸೋಮವಾರ ಹೀಗೆ ದಾಟಿತು. ಮಂಗಳವಾರ ಸಂಜೆ ಪೈವಳಿಕೆಯ ತರವಾಡು ಮನೆಗೆ ಎಲ್ಲರೂ ಬಂದು ಸೇರಿದರು. ಮರುದಿನ ಕುಟುಂಬದ ದೈವಗಳಿಗೆ ವರ್ಷದ ಪೂಜೆ, ತಂಬಿಲ. ಲೋಕಯ್ಯ ಒಂದು ಇನ್ನೂರು ಪುಟದ ನೋಟುಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಮೊದಲ ಪುಟದಲ್ಲಿ 'ಅಮ್ಮಣಿಯ ಕಡೆಯವರ ಕುತ್ತಿಗೆ' ಎಂದು ಬರೆದು ಗೆರೆ ಎಳೆದಿದ್ದ. ಆಣೆ ನೆನಪಿದ್ದದ್ದರಿಂದ ಅಮ್ಮಣಿಯನ್ನು ಮಾತ್ರ ಪಟ್ಟಿಗೆ ಸೇರಿಸಿರಲಿಲ್ಲ.

ಥೈರಾಯ್ಡ್ ಇದ್ದರೆ ಕುತ್ತಿಗೆ ಊದಿರಬೇಕೆಂದು ಅವನ ಲೆಕ್ಕ. ಅವನ ಪರೀಕ್ಷೆಯ ಕ್ರಮ ಸರಳವಾಗಿತ್ತು. ಮಾತಾಡಿಸುವ ನೆಪದಲ್ಲಿ ಎದುರು ನಿಂತು ಕುತ್ತಿಗೆಯನ್ನೇ ನೋಡುವುದು. ಅಮ್ಮಣಿಯ ಚಿಕ್ಕಮ್ಮ ಪಂಕಜಾಕ್ಷಿಯ ಕುತ್ತಿಗೆಯನ್ನು ಅವನು ಎರಡು ಸಲ ನೋಡಿದ. ಮೂರನೆಯ ಸಲಕ್ಕೆ ಪಂಕಜಾಕ್ಷಿ ಕರಿಮಣಿ ಸರವನ್ನು ಸೀರೆಯೊಳಗೆ ತುರುಕಿಕೊಂಡು, "ಅಮ್ಮಣೀ, ನಿನ್ನ ಗಂಡನಿಗೆ ಎಂತಾಗಿದೆ? ನನ್ನ ಸರದ ಮೇಲೆ ಕಣ್ಣಿಟ್ಟಿದ್ದಾನೆ," ಎಂದಳು.

ರಾತ್ರಿಗೆ ನೋಟುಬುಕ್ಕಿನಲ್ಲಿ ಹದಿನಾಲ್ಕು ಹೆಸರು, ಹದಿನಾಲ್ಕು 'ಇಲ್ಲ'. ಲೋಕಯ್ಯ ಹಗುರಾಗಿ ನಿದ್ರೆ ಹೋದ.

ಬೆಳಿಗ್ಗೆ ಆರೂವರೆಗೆ ಪಂಕಜಾಕ್ಷಿಯ ಮಗಳು ಪ್ರಫುಲ್ಲಾ ಕಾಫಿಯ ಲೋಟಗಳನ್ನು ಹರಿವಾಣದಲ್ಲಿ ಇಟ್ಟುಕೊಂಡು ಚಾವಡಿಗೆ ಬಂದಳು. ಲೋಕಯ್ಯನ ಮುಂದೆ ನಿಂತು, "ಭಾವಾ, ನಿಮ್ಮ ಮಗಳು ನಾಲ್ಕು ಗಂಟೆಗೆ ಎದ್ದು ಜಗಲಿಯಲ್ಲಿ ಕತ್ತಲೆಯಲ್ಲಿ ಎಂತದೋ ಹುಡುಕ್ತಾ ಇತ್ತು. ಕೇಳಿದರೆ ಎಂತ ಇಲ್ಲ ಅಂತು. ನೋಡಿ, ಈಗ ಕಂಬಕ್ಕೆ ಒರಗಿ ನಿದ್ರೆ," ಎಂದಳು.

"ಅದೂ ಥೈರಾಯ್ಡಿನದ್ದೇ ಲಕ್ಷಣ," ಎಂದು ಲೋಕಯ್ಯ ಮನಸ್ಸಿನಲ್ಲೇ ಹೇಳಿಕೊಂಡು ಪುಸ್ತಕದಲ್ಲಿ ಬರೆದುಕೊಂಡ. ಪ್ರಫುಲ್ಲಾ ಮುಂದೆ ಹೋದಳು.

"ಚಿಕ್ಕಮ್ಮನಿಗೆ ಕಾಫಿ?" ಎಂದು ಯಾರೋ ಕೇಳಿದರು.

"ಈಗ ಬೇಡ, ನನಗೆ ಮತ್ತೆ ಸಾಕು," ಎಂದಳು ಪಂಕಜಾಕ್ಷಿ.

"ಜಯಂತಣ್ಣಾ?"

"ತಂಬಿಲ ಅಲ್ವಾ, ಸ್ವಲ್ಪ ಕಳೆದು ಕುಡಿತೇನೆ."

ಜಯಂತನ ಹೆಂಡತಿ ನಿಶ್ಮಿತಾ ಬೇರೆ ಮನೆಯವಳು. ಅವಳು ಎರಡು ಲೋಟ ತೆಗೆದುಕೊಂಡಳು. ಮೂಲೆಯಲ್ಲಿ ಕೂತಿದ್ದ ಪಂಕಜಾಕ್ಷಿಯ ತಾಯಿ, ಅಜ್ಜಿ ಕಿನ್ನಿಗೆ ಮತ್ತೆ ಸಾಕು. ಅಡಿಗೆಗೆ ಕೂತಿದ್ದ, ತರವಾಡಿನವಳೇ ಆದ ಕಮಲಕ್ಕನಿಗೂ ಮತ್ತೆ ಸಾಕು. ಅಮ್ಮಣಿಗೂ ಮತ್ತೆ. ಕೊನೆಗೆ ಪ್ರಫುಲ್ಲಾ ತನ್ನ ಲೋಟವನ್ನೂ ಕಿಟಕಿಯ ದಂಡೆಯ ಮೇಲೆ ಇಟ್ಟು, "ಬಿಸಿ ಉಂಟು," ಎಂದಳು.

ಲೋಕಯ್ಯನ ಕೈಯಲ್ಲಿ ಲೋಟ ನಿಂತಿತು. ಜಗತ್ತಿನಲ್ಲಿ ಅವನು ಮರೆಯದೆ ಇದ್ದ ಸಂಗತಿಗಳು ಕೆಲವೇ. ಅವುಗಳಲ್ಲಿ ಒಂದು, ಮಾತ್ರೆ ನುಂಗಿದ ಅಮ್ಮಣಿಗೆ ಒಂದು ಗಂಟೆ ಚಾಯ ಕೊಡಬಾರದೆಂಬುದು. ಅವನು ಎದ್ದು ನಿಂತ.

"ಕಾಫಿ ಮತ್ತೆ ಸಾಕು ಅಂದವರೆಲ್ಲ ಒಂದು ಬದಿಗೆ ಬನ್ನಿ!"

ಎಲ್ಲರೂ ಅವನ ಕಡೆಗೆ ತಿರುಗಿದರು.

"ನಿನಗೆ ಮರ್ಲಾ? ತಲೆ ಕೆಟ್ಟಿದೆಯಾ?" ಎಂದ ಜಯಂತ.

"ಮರ್ಲಲ್ಲ ಭಾವಾ. ಬರಿ ಹೊಟ್ಟೆಗೆ ಪುಟ್ಟ ಮಾತ್ರೆ, ಮೇಲಿಂದ ನೀರು, ಒಂದು ಗಂಟೆ ಕಾಫಿ ಇಲ್ಲ. ನನ್ನ ಮನೆಯಲ್ಲೂ ಎರಡು ವರ್ಷದಿಂದ ನಡೀತಾ ಉಂಟು."

"ಅಯ್ಯೋ, ಆಣೆ!" ಎಂದು ಅಮ್ಮಣಿ ತಲೆಯ ಮೇಲೆ ಕೈ ಇಟ್ಟುಕೊಂಡಳು.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ಎಂಬತ್ತು ದಾಟಿದ ಕಿನ್ನಿ. "ನನಗೆ ಏಳು ವರ್ಷದಿಂದ ಉಂಟು ಮಗಾ," ಎಂದು ಎಲೆಯಡಿಕೆಯ ಪೆಟ್ಟಿಗೆ ತೆರೆದು ಸುಣ್ಣದ ಡಬ್ಬಿಯ ಅಡಿಯಿಂದ ಮಾತ್ರೆಯ ಬಾಟಲಿ ತೆಗೆದಳು. "ಪಂಕಜಾಕ್ಷಿ ಯಾರಿಗೂ ಹೇಳಬೇಡ ಅಂದಿದ್ದಳು."

"ಅಮ್ಮಾ!"

"ನಿನ್ನದು ಎಲ್ಲಿ ಇಟ್ಟಿದ್ದಿ, ಅದನ್ನೂ ತೆಗೆ."

ಪಂಕಜಾಕ್ಷಿಯ ಬಾಟಲಿ ದೇವರ ಫೋಟೋದ ಹಿಂದೆ ಇತ್ತು. ಕಮಲಕ್ಕನದ್ದು ಮೆಂತೆಯ ಡಬ್ಬದಲ್ಲಿ. ಪ್ರಫುಲ್ಲಾ ಅಳಲು ಸುರು ಮಾಡಿದಳು. ಅವಳಿಗೆ ಮದುವೆಯ ಮಾತುಕತೆ ನಡೆಯುತ್ತಿತ್ತು, ಗಂಡಿನ ಕಡೆಯವರಿಗೆ ಗೊತ್ತಾದರೆ ಎಂಬ ಹೆದರಿಕೆ. "ನಾನು ತಾಯಿಗೂ ಹೇಳಲಿಲ್ಲ," ಎಂದಳು. "ನಾನೂ ನಿನಗೆ ಹೇಳಲಿಲ್ಲ," ಎಂದು ಪಂಕಜಾಕ್ಷಿಯೂ ಅತ್ತಳು. ಒಂದೇ ಮನೆಯಲ್ಲಿ ಒಂದೇ ಮಾತ್ರೆಯನ್ನು ತಾಯಿ ದೇವರ ಹಿಂದೆ, ಮಗಳು ಪೌಡರ್ ಡಬ್ಬದಲ್ಲಿ ಅಡಗಿಸಿ, ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಕಾಫಿ ಕುಡಿಯಲು ಒತ್ತಾಯಿಸುತ್ತ ಬಂದಿದ್ದರು.

ಕೊನೆಗೆ ಉಳಿದವನು ಜಯಂತ. ಎಲ್ಲರೂ ಅವನನ್ನು ನೋಡಿದರು.

"ನನ್ನದು ಗಲ್ಫಿನ ವಿಟಮಿನ್," ಎಂದ ಜಯಂತ.

"ತೋರಿಸಿ," ಎಂದಳು ನಿಶ್ಮಿತಾ. ಹೆಂಡತಿಗೂ ಅವನು ಇದನ್ನೇ ಹೇಳಿದ್ದ.

ಜಯಂತ ಶರ್ಟಿನ ಕಿಸೆಯಿಂದ ಬಾಟಲಿ ತೆಗೆದು ಕಿನ್ನಿಯ ಬಾಟಲಿಯ ಪಕ್ಕದಲ್ಲಿ ಇಟ್ಟ. ಎರಡೂ ಅವಳಿಮಕ್ಕಳ ಹಾಗೆ ಇದ್ದವು. ಸಿಮೆಂಟಿನ ಚೀಲ ಎತ್ತುವ ಗಂಡಸಿಗೆ ಹೆಂಗಸರ ಕಾಯಿಲೆ ಬಂತೆಂದು ಪೈವಳಿಕೆ ಪೇಟೆ ನಗುತ್ತದೆಂದು ಅವನು ನಾಲ್ಕು ವರ್ಷ ಇದನ್ನು ಬಚ್ಚಿಟ್ಟಿದ್ದ.

ಈ ಎಲ್ಲ ಗದ್ದಲದ ನಡುವೆ ಲೋಕಯ್ಯ ಕೂತುಬಿಟ್ಟಿದ್ದ. ಗೆದ್ದವನ ಮುಖ ಅವನದ್ದಾಗಿರಲಿಲ್ಲ. ಅವನ ಸಿದ್ಧಾಂತದ ಪ್ರಕಾರ ಮಾವನಿಗೆ ಇಲ್ಲವಾದರೆ ಮಗುವಿಗೆ ಇಲ್ಲ. ಈಗ ಮಾವನಿಗೆ ಉಂಟು. ಮಾವನ ತಾಯಿಯ ತಂಗಿಗೆ ಉಂಟು, ಅವಳ ಮಗಳಿಗೆ ಉಂಟು, ಅಜ್ಜಿಗೆ ಉಂಟು. ಮೆಟ್ಟಿಲು ಮೆಟ್ಟಿಲಾಗಿ ಕಾಯಿಲೆ ಇಳಿದು ಬಂದು, ಕಂಬಕ್ಕೆ ಒರಗಿ ನಿದ್ರೆ ಮಾಡುತ್ತಿದ್ದ ನಮಿತಾಳ ಬುಡದಲ್ಲಿ ನಿಂತ ಹಾಗೆ ಅವನಿಗೆ ಕಂಡಿತು. ಅವನು ಲುಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡ.

"ಹತ್ತು ವರ್ಷದ ಮಗು ಭಾವಾ," ಎಂದ. "ಇನ್ನು ಜೀವ ಇರುವವರೆಗೆ..."

ಜಯಂತನ ಸಿಟ್ಟು ಅಲ್ಲಿಗೆ ಇಳಿಯಿತು. ಹತ್ತಿರ ಬಂದು ಕೂತ. "ಜೀವ ಇರುವವರೆಗೆ ಎಂತ? ನನ್ನನ್ನು ನೋಡು. ನಾಲ್ಕು ವರ್ಷದಿಂದ ತಿಂತೇನೆ, ಎಂತ ಆಗಿದೆ? ಕಿನ್ನಿಯಜ್ಜಿಯನ್ನು ನೋಡು, ನಿನ್ನನ್ನೂ ನನ್ನನ್ನೂ ಕಳಿಸಿಯೇ ಅವಳು ಹೋಗುವುದು. ಒಂದು ಮಾತ್ರೆ, ಅಷ್ಟೇ. ಮಗುವನ್ನು ಟೆಸ್ಟ್ ಮಾಡಿಸುವ. ನಾಳೆಯೇ. ನಾನೇ ಕರ್ಕೊಂಡು ಹೋಗ್ತೇನೆ."

ಏಳೂವರೆಗೆ ಪ್ರಫುಲ್ಲಾ ಎರಡನೆಯ ಸಲ ಕಾಫಿ ತಂದಳು. ಆರು ಜನ ಒಟ್ಟಿಗೆ ಕೂತು, ಯಾರಿಂದಲೂ ಅಡಗದೆ, ಸೊರಸೊರ ಸದ್ದು ಮಾಡಿ ಕುಡಿದರು. ಅಂಥ ರುಚಿಯ ಕಾಫಿ ಆ ಮನೆಯಲ್ಲಿ ಅಷ್ಟರವರೆಗೆ ಆದದ್ದಿಲ್ಲವೆಂದು ಕಿನ್ನಿ ಹೇಳಿದಳು. ಹಾಲು ಸ್ವಲ್ಪ ಸೀದಿತ್ತು.

ಮರುದಿನ ಬೆಳಿಗ್ಗೆ ಬೋವಿಕಾನದ ಲ್ಯಾಬಿನ ಎದುರು ಜಯಂತನ ಜೀಪು ನಿಂತಿತು. ಮಗುವಿನ ವಿಷಯ ಈಗ ತರವಾಡಿನ ವಿಷಯವಾಗಿತ್ತು. ಜಯಂತ, ಪಂಕಜಾಕ್ಷಿ, ಅಮ್ಮಣಿ, ಲೋಕಯ್ಯ, ನಮಿತಾ ಸಾಲಾಗಿ ಒಳಗೆ ಹೋದರು. ರಕ್ತ ತೆಗೆಯುವ ವಿನೀತ್ ತಲೆಯೆತ್ತಿ, "ಪೇಷೆಂಟ್ ಯಾರು?" ಎಂದು ಕೇಳಿದ.

ನಮಿತಾ ಕೈ ಮುಂದೆ ಮಾಡಿ ಬೆಂಚಿನಲ್ಲಿ ಕೂತಳು. ಲೋಕಯ್ಯ ಅವಳ ತಲೆಯ ಮೇಲೆ ಕೈ ಇಟ್ಟ. "ಹೆದರಬೇಡ ಮಗಳೇ. ಅಪ್ಪ ಇದ್ದಾನೆ. ಇರುವೆ ಕಚ್ಚಿದ ಹಾಗೆ. ಆಚೆ ನೋಡು."

ನಮಿತಾ ಸೂಜಿಯನ್ನೇ ನೋಡಿದಳು. ಸೀಸೆಯೊಳಗೆ ರಕ್ತ ಏರಿತು. ಹಿಂದಿನಿಂದ ಅಕ್ಕಿಮೂಟೆ ಕುಸಿದ ಹಾಗೆ ಸದ್ದಾಯಿತು. ಅಪ್ಪ ಇರಲಿಲ್ಲ, ನೆಲದ ಮೇಲಿದ್ದ.

ವಿನೀತ್ ಮಗುವನ್ನು ಎಬ್ಬಿಸಿ ಅದೇ ಬೆಂಚಿನಲ್ಲಿ ಲೋಕಯ್ಯನನ್ನು ಮಲಗಿಸಿದ. ನಮಿತಾ ಹತ್ತಿಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಅಪ್ಪನಿಗೆ ಪುಸ್ತಕದಿಂದ ಗಾಳಿ ಹಾಕಿದಳು. "ಅಪ್ಪಾ, ಆಯ್ತು. ಏಳಿ. ನನ್ನದು ಆಯ್ತು."

"ನಾಲ್ಕು ಜನರ ರಕ್ತ ತರಿಸಿದ ಮನುಷ್ಯ ಇವ," ಎಂದು ಜಯಂತ ವಿನೀತನಿಗೆ ಪರಿಚಯ ಮಾಡಿಸಿದ.

ಸಂಜೆ ನಾಲ್ಕಕ್ಕೆ ರಿಪೋರ್ಟು. ಅಲ್ಲಿಯವರೆಗೆ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಶಂಕರಿ ಡಾಕ್ಟರು ಕಾಗದ ಬಿಡಿಸುವಾಗ ಅಮ್ಮಣಿ ಜಯಂತನ ತೋಳು ಹಿಡಿದುಕೊಂಡಳು, ಪಂಕಜಾಕ್ಷಿ ಕರಿಮಣಿ ಹಿಡಿದುಕೊಂಡಳು, ಲೋಕಯ್ಯ ಮುಂಜಾಗ್ರತೆಯಾಗಿ ನೆಲದಲ್ಲೇ ಕೂತ.

"ಎಲ್ಲ ನಾರ್ಮಲ್," ಎಂದರು ಡಾಕ್ಟರು. "ರಕ್ತವೂ ಒಳ್ಳೆದುಂಟು. ಹುಡುಗಿಗೆ ಎಂತದ್ದೂ ಇಲ್ಲ."

ಅಮ್ಮಣಿ ಅತ್ತೇಬಿಟ್ಟಳು. ಜಯಂತ ಮೇಜಿನ ಮೇಲೆ ಗುದ್ದಿದ, ಡಾಕ್ಟರ ಪೆನ್ನು ಹಾರಿ ಬಿತ್ತು. ಲೋಕಯ್ಯ ಮಾತ್ರ ಎದ್ದು ನೋಟುಬುಕ್ಕನ್ನು ಮುಂದೆ ಇಟ್ಟ.

"ಸರಿಯಾಗಿ ನೋಡಿ ಡಾಕ್ಟ್ರೇ. ಮಾವನಿಗೆ ಉಂಟು. ಇಲ್ಲಿ ಬರೆದಿದ್ದೇನೆ."

ಡಾಕ್ಟರು ಪುಸ್ತಕ ನೋಡಿದರು. 'ಇಲ್ಲ' ಎಂದು ಬರೆದು, ಗೆರೆ ಹೊಡೆದು 'ಉಂಟು' ಎಂದು ತಿದ್ದಿದ ಸಾಲುಗಳನ್ನು ಓದಿದರು. "ಇಷ್ಟು ಚಂದದ ಪಟ್ಟಿ ನನಗೆ ಯಾರೂ ತಂದುಕೊಟ್ಟದ್ದಿಲ್ಲ ಲೋಕಯ್ಯ. ಆದರೆ ಕಾಯಿಲೆಗೆ ಬರಿ ಗಿರಿ ಗೊತ್ತಿಲ್ಲ. ಅಮ್ಮನ ಕಡೆಯಿಂದಲೂ ಬರಬಹುದು, ಅಪ್ಪನ ಕಡೆಯಿಂದಲೂ ಬರಬಹುದು, ಬಾರದೆಯೂ ಇರಬಹುದು. ಮಾವನ ರಕ್ತ ಮಾವನದ್ದು ಮಾತ್ರ. ಒಂದೆರಡು ವರ್ಷ ಬಿಟ್ಟು ಇನ್ನೊಮ್ಮೆ ನೋಡುವ, ಅಷ್ಟು ಸಾಕು."

"ಮತ್ತೆ ನಿದ್ರೆ?" ಎಂದಳು ಅಮ್ಮಣಿ.

ಡಾಕ್ಟರು ನಮಿತಾಳ ಕಡೆಗೆ ತಿರುಗಿದರು. ಟೀಚರನ್ನು, ಮಾವನನ್ನು, ಮುತ್ತಜ್ಜಿಯನ್ನು ಕೇಳಿಯಾಗಿತ್ತು. ಹದಿನಾಲ್ಕು ಕುತ್ತಿಗೆ ನೋಡಿಯಾಗಿತ್ತು. ನಿದ್ರೆ ಮಾಡುವವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಮಗೂ, ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀ?"

"ನಾಲ್ಕಕ್ಕೆ."

"ನಾಲ್ಕಕ್ಕಾ? ಯಾಕೆ?"

ನಮಿತಾ ಅಪ್ಪನ ಮುಖ ನೋಡಿದಳು. ಪಂಕಜಾಕ್ಷಿ ಅವಳ ಬೆನ್ನು ಸವರಿ, "ಹೇಳು ಮಗಾ. ನಮ್ಮದೆಲ್ಲ ನಿನ್ನೆ ಹೊರಗೆ ಬಿದ್ದಾಯ್ತು," ಎಂದಳು.

"ಅಪ್ಪನ ಕತ್ತಿ ಹುಡುಕ್ಲಿಕ್ಕೆ."

ಡಾಕ್ಟರು ನೋಟುಬುಕ್ಕು ಮುಚ್ಚಿದರು.

"ಅಪ್ಪ ಹುಡುಕಿದರೆ ಅಮ್ಮನಿಗೆ ಎಚ್ಚರ ಆಗ್ತದೆ. ಅಮ್ಮನಿಗೆ ಹುಷಾರಿಲ್ಲ, ನಿದ್ರೆ ಆಗಬೇಕು ಅಂತ ನೀವೇ ಹೇಳಿದ್ದಲ್ವಾ ಡಾಕ್ಟ್ರೇ? ಅದಕ್ಕೆ ನಾನು ಮೊದಲೇ ಎದ್ದು ಹುಡುಕಿ ಬಾಗಿಲ ಹತ್ತಿರ ಇಟ್ಟು ಮಲಗ್ತೇನೆ. ಮತ್ತೆ ನಿದ್ರೆ ಬರುವುದಿಲ್ಲ. ನಿನ್ನೆ ತರವಾಡಿನಲ್ಲೂ ಅಭ್ಯಾಸದಲ್ಲಿ ಎದ್ದು ಹುಡುಕಿದೆ."

"ರಾತ್ರಿಯೇ ಇಡಬಾರದಾ?" ಎಂದ ಜಯಂತ.

"ಅಪ್ಪ ನಾನು ಮಲಗಿದ ಮೇಲೆ ರೇಡಿಯೋ ಕೇಳ್ತಾ ಕತ್ತಿ ಮಸೆಯುವುದು, ಮಾವಾ. ಮತ್ತೆ ಎಲ್ಲಿ ಇಡ್ತಾರೆ ಅಂತ ಅಪ್ಪನಿಗೇ ಗೊತ್ತಿಲ್ಲ."

"ಎಷ್ಟು ಸಮಯದಿಂದ?" ಎಂದರು ಡಾಕ್ಟರು.

"ಒಂದು ವರ್ಷ."

ಎಲ್ಲರ ಕಣ್ಣೂ ಲೋಕಯ್ಯನ ಮೇಲೆ ಬಿತ್ತು. ಕುಂಞನ ಅಂಗಡಿಯಲ್ಲಿ ಒಂದು ವರ್ಷ ಮಾಡಿದ ಉಪದೇಶವೆಲ್ಲ ಲೋಕಯ್ಯನ ಕಿವಿಯೊಳಗೆ ಒಟ್ಟಿಗೆ ವಾಪಸು ಬಂತು. ಅವನಿಗೆ ನಾಚಿಕೆಯಾಯಿತು, ಸಂತೋಷವಾಯಿತು. ಯಾವುದಕ್ಕೆ ಮೊದಲು ಜಾಗ ಕೊಡಬೇಕೆಂದು ತಿಳಿಯದೆ ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡ. ಹತ್ತು ವರ್ಷದ ಹುಡುಗಿಯ ಕಾಲು ಅವನ ಮೊಣಕಾಲಿನ ಕೆಳಗೆ ಇಳಿದಿತ್ತು.

"ಮದ್ದು ಬರೆಯಲಾ?" ಎಂದು ಶಂಕರಿ ಡಾಕ್ಟರು ಚೀಟಿ ತೆಗೆದು ಒಂದೇ ಸಾಲು ಬರೆದರು: ಗೋಡೆಗೆ ಒಂದು ಮೊಳೆ. ಲೋಕಯ್ಯ ಅದನ್ನು ಔಷಧದ ಅಂಗಡಿಯವರೆಗೆ ತೆಗೆದುಕೊಂಡು ಹೋಗಿ, ಅಲ್ಲಿ ಓದಿ ವಾಪಸು ಬಂದ.

ಆ ಸಂಜೆ ಜಯಂತನೇ ಸುತ್ತಿಗೆ ಹಿಡಿದು ಜಗಲಿಯ ಗೋಡೆಗೆ ಮೊಳೆ ಹೊಡೆದ. ಮಲಗುವ ಮೊದಲು ಲೋಕಯ್ಯ ಕತ್ತಿ ಮಸೆದು, ಎಲ್ಲರೂ ನೋಡುತ್ತಿರುವಾಗ ಮೊಳೆಗೆ ತೂಗುಹಾಕಿದ. ಮಗಳ ಹತ್ತಿರ ಹೋಗಿ, "ನಾಳೆ ಎದ್ದರೆ ಕಾಲು ಮುರೀತೇನೆ," ಎಂದು ಪ್ರೀತಿಯಿಂದ ಹೇಳಿದ.

ನಾಲ್ಕೂವರೆಗೆ ಎದ್ದಾಗ ಕತ್ತಿ ಮೊಳೆಯಲ್ಲೇ ಇತ್ತು. ಹಣೆಯ ಲೈಟು ಎಲ್ಲಿಯೂ ಇರಲಿಲ್ಲ. ಅದರ ವಿಷಯ ಯಾರೂ ಯೋಚಿಸಿರಲಿಲ್ಲ. ಡಾಕ್ಟರು ಬರೆದದ್ದು ಒಂದೇ ಮೊಳೆ. ಲೋಕಯ್ಯ ಸ್ವಿಚ್ಚಿಗೆ ಕೈ ಹಾಕಿ ಹಿಂದೆ ತೆಗೆದ. ಡಬ್ಬ ಮುಟ್ಟಲಿಲ್ಲ, ಸೌದೆ ಸರಿಸಲಿಲ್ಲ, ಹೇಂಟೆಯನ್ನು ಎಬ್ಬಿಸಲಿಲ್ಲ. ಒಳಗೆ ಅಮ್ಮಣಿಯ ಉಸಿರು ಕೇಳುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಉಸಿರು, ಸ್ವಲ್ಪ ಗೊರಕೆಯೂ ಸೇರಿ. ಅವನು ಮಡಿಲಲ್ಲಿ ಕತ್ತಿ ಇಟ್ಟುಕೊಂಡು ಜಗಲಿಯ ದಂಡೆಯ ಮೇಲೆ ಬೆಳಕು ಹರಿಯುವವರೆಗೆ ಅಲ್ಲಾಡದೆ ಕೂತ.

ಆರೂವರೆಗೆ ಗುಡ್ಡ ಹತ್ತುವಾಗ ಹರಿನಾರಾಯಣ ಭಟ್ಟರು ಎದುರಾದರು. ಬಿಸಿಲೇರಿದ ಮೇಲೆ ಕೆತ್ತಿದರೆ ಮರದಿಂದ ಹಾಲು ಕಮ್ಮಿ ಇಳಿಯುವುದೆಂದು ಅವರಿಗೂ ಗೊತ್ತು, ಇವನಿಗೂ ಗೊತ್ತು.

"ಎಂತ ಲೋಕಯ್ಯ, ಇಷ್ಟು ಲೇಟು? ಕತ್ತಿ ಸಿಕ್ಕಲಿಲ್ವಾ?"

"ಕತ್ತಿ ಸಿಕ್ಕಿತ್ತು ಭಟ್ರೇ," ಎಂದ ಲೋಕಯ್ಯ. ದೊಡ್ಡ ಸುದ್ದಿ ಹೇಳುವವನ ಹಾಗೆ ಧ್ವನಿ ತಗ್ಗಿಸಿದ. "ಮಗಳು ಮಲಗಿದ್ದಾಳೆ."